ಸಾಂಬಾರ್ ಇರಲ್ಲ

ಬೆಂಗಳೂರಿನ ಶಂಕರಪುರ. ಬೆಳಿಗ್ಗೆ ಏಳೂಕಾಲು.

ಹುಬ್ಬಳ್ಳಿಯಿಂದ ಅಪ್ಪ ಬಂದು ಎರಡು ದಿನವಾಯಿತು. ಇವತ್ತು ಬ್ರಾಹ್ಮಿನ್ಸ್ ಕಾಫಿ ಬಾರ್‌ಗೆ ಕರೆದುಕೊಂಡು ಹೋದೆ. ಎಲ್ಲರೂ ಹೊರಗೆ ನಿಂತೇ ತಿನ್ನುತ್ತಿದ್ದರು. ಅಪ್ಪ ಎರಡು ಇಡ್ಲಿ, ಒಂದು ವಡೆಯ ತಟ್ಟೆ ಹಿಡಿದು ಚಟ್ನಿ ಹಾಕುವವರ ಮುಂದೆ ನಿಂತರು.

“ಸಾಂಬಾರ ಹಾಕ್ರಿ.”

“ಸಾಂಬಾರ್ ಇರಲ್ಲ ಸಾರ್. ಚಟ್ನಿ ಎಷ್ಟು ಬೇಕಾದ್ರೂ ಹಾಕಿಸ್ಕೊಳ್ಳಿ.”

“ಇವತ್ತ ಮಾಡಿಲ್ಲೇನು?”

“ಯಾವತ್ತೂ ಮಾಡಲ್ಲ ಸಾರ್.”

ಅಪ್ಪ ತಿರುಗಿ ನನ್ನ ಮುಖ ನೋಡಿದರು. ಹಿಂದಿದ್ದವರು ತಟ್ಟೆ ಚಾಚಿ ಕಾಯುತ್ತಿದ್ದರು. ಅಪ್ಪ ಪಕ್ಕಕ್ಕೆ ಸರಿದು, ಇಡ್ಲಿ ಮುರಿದು ಚಟ್ನಿಯಲ್ಲಿ ಅದ್ದಿ ಬಾಯಿಗಿಟ್ಟು, ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, “ಚಲೋ ಐತಿ. ಆದ್ರ ಸಾಂಬಾರ ಯಾಕ ಮಾಡೂದಿಲ್ಲ?” ಎಂದು ನನ್ನನ್ನು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಹದಿನೆಂಟು ವರ್ಷದಿಂದ ಈ ಊರಿನಲ್ಲಿದ್ದೇನೆ, ಇಲ್ಲಿಗೆ ಎಷ್ಟು ಸಲ ಬಂದಿದ್ದೇನೋ ಲೆಕ್ಕವಿಲ್ಲ, ಈ ಪ್ರಶ್ನೆ ಒಮ್ಮೆಯೂ ಹೊಳೆದಿರಲಿಲ್ಲ. ಅದಕ್ಕೇ ಈ ಟಿಪ್ಪಣಿ ಪುಸ್ತಕ ತೆರೆದೆ.

*

ಅದೇ ದಿನ, ಮನೆಯಲ್ಲಿ.

ಆ ಅಂಗಡಿ ಶುರುವಾದದ್ದು 1965ರಲ್ಲಿ. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ, ಟೀ. ಹೆಚ್ಚುಕಡಿಮೆ ಇಷ್ಟೇ. ಇಷ್ಟನ್ನೇ ಇಟ್ಟುಕೊಂಡು ಅರವತ್ತು ವರ್ಷ ನಡೆಸಿದ್ದಾರೆ.

ಅಪ್ಪನ ಗೊಂದಲ ನನಗೆ ಅರ್ಥವಾಗುತ್ತದೆ. ನಮ್ಮ ಕಡೆಯ ಖಾನಾವಳಿಯಲ್ಲಿ ರೊಟ್ಟಿ ಮುಗಿಯುವ ಮೊದಲೇ ಇನ್ನೊಂದು ರೊಟ್ಟಿ ಬಂದಿರುತ್ತದೆ. ಎಣಗಾಯಿ, ಕಾಳುಪಲ್ಯ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಕೆಂಪು ಖಾರ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ, ಸೌತೆಕಾಯಿ. “ಇನ್ನೊಂಚೂರು ಹಾಕ್ಕೊಳ್ರಿ” ಎನ್ನುವುದೇ ಅಲ್ಲಿನ ಮರ್ಯಾದೆ. ಉಣ್ಣಲು ಬಂದವರಿಗೆ “ಇಲ್ಲ” ಅನ್ನುವುದು ನಮ್ಮಲ್ಲಿ ಬಹಳ ಸಂಕೋಚದ ಮಾತು. ಇಲ್ಲಿ ಆ ಮನುಷ್ಯ ನಗುನಗುತ್ತಾ “ಇರಲ್ಲ” ಅಂದ. ಕೇಳಿದವರಿಗೂ ಬೇಜಾರಿಲ್ಲ, ಸಾಲೂ ಕರಗುವುದಿಲ್ಲ. ಇದು ಹೇಗೆ?

ಒಂದು ಊಹೆ ಬರೆದಿಡುತ್ತೇನೆ. ಸಾಂಬಾರ್ ಬೆಳಗಿನ ಜಾವ ಮಾಡಿಟ್ಟರೆ ಹತ್ತು ಗಂಟೆಗೆ ಅದರ ರುಚಿ ಬೇರೆ. ಬೇಳೆ ತಳಕ್ಕಿಳಿಯುತ್ತದೆ, ಹುಳಿ ಮುಂದಾಗುತ್ತದೆ, ಮೇಲಿಂದ ಬಿಸಿನೀರು ಬೀಳುತ್ತದೆ. ಚಟ್ನಿಯನ್ನು ಗಂಟೆಗಂಟೆಗೂ ಹೊಸದಾಗಿ ರುಬ್ಬಬಹುದು. ಕಾಯಿ, ಹುರಿಗಡಲೆ, ಹಸಿಮೆಣಸಿನಕಾಯಿ. ಹತ್ತು ಗಂಟೆಗೆ ಬಂದವರಿಗೂ ಆರು ಗಂಟೆಗೆ ಬಂದವರಿಗೂ ಒಂದೇ ರುಚಿ ಕೊಡಬೇಕೆಂದರೆ ಸಾಂಬಾರನ್ನು ಬಿಡಬೇಕಾಗುತ್ತದೆಯೇನೋ. ಅಪ್ಪನಿಗೆ ಹೇಳಿದೆ. “ಇರಬಹುದು” ಅಂದರು. ಒಪ್ಪಿದ ಹಾಗೆ ಕಾಣಲಿಲ್ಲ.

*

ಗಾಂಧಿ ಬಜಾರ್. ಶುಕ್ರವಾರ.

ಹೂವಿನಂಗಡಿಗೆ ಹೋಗಿದ್ದೆ. ವಿದ್ಯಾರ್ಥಿ ಭವನದ ಬಾಗಿಲು ಮುಚ್ಚಿತ್ತು. ಶುಕ್ರವಾರ ಅವರಿಗೆ ವಾರದ ರಜೆ. ಆಟೋದಿಂದ ಒಂದು ಸಂಸಾರ ಇಳಿಯಿತು. ಗಂಡ, ಹೆಂಡತಿ, ಸಣ್ಣ ಹುಡುಗಿ. ಹೊರ ಊರಿನವರು. ಮುಚ್ಚಿದ ಬಾಗಿಲಿನ ಮುಂದೆ ನಿಂತು ಒಂದು ಫೋಟೊ ತೆಗೆಸಿಕೊಂಡರು. ಹೂವಿನ ಅಜ್ಜಿ ಅವರಿಗೆ, “ನಾಳೆ ಬನ್ನಿ, ಬೆಳಿಗ್ಗೆ ಬೇಗ ಬನ್ನಿ” ಎಂದರು, ತಮ್ಮದೇ ಹೋಟೆಲೇನೋ ಅನ್ನುವ ಅಕ್ಕರೆಯಿಂದ.

ಈ ಕಾಲದಲ್ಲಿ ವಾರದ ಏಳು ದಿನವೂ ಜನ ಕಾದು ನಿಲ್ಲುವ ಜಾಗವೊಂದು ಒಂದು ದಿನ ಪೂರ್ತಿ ಬಾಗಿಲು ಹಾಕುತ್ತದೆ. ಆ ದಿನದ ದುಡಿಮೆಯನ್ನು ಬಿಟ್ಟುಕೊಡುತ್ತದೆ.

ಮರುದಿನ ಅಪ್ಪನ ಜೊತೆ ಹೋದೆ. 1943ರಲ್ಲಿ ಹೆಸರಿಗೆ ತಕ್ಕ ಹಾಗೆ ಸುತ್ತಮುತ್ತಲ ವಿದ್ಯಾರ್ಥಿಗಳಿಗಾಗಿಯೇ ತೆರೆದದ್ದು, ವೆಂಕಟರಮಣ ಉರಾಳರು. 1970ರಲ್ಲಿ ರಾಮಕೃಷ್ಣ ಅಡಿಗರ ಕೈಗೆ ಬಂತು. ಗೋಡೆಯ ಮೇಲೆ ಕನ್ನಡದ ಹಿರಿಯರ ರೇಖಾಚಿತ್ರಗಳು. ಬೇರೆ ಊರಿನ ಹೋಟೆಲಿನಲ್ಲಿ ದೇವರ ಪಟಗಳು ಇರುವ ಜಾಗದಲ್ಲಿ ಇಲ್ಲಿ ಸಾಹಿತಿಗಳು ಕೂತು ನಾವು ತಿನ್ನುವುದನ್ನು ನೋಡುತ್ತಾರೆ. ಪಂಚೆಯುಟ್ಟ ಸಪ್ಲೈಯರ್ ಒಂದೇ ಕೈಯ ಮೇಲೆ ದೋಸೆ ತಟ್ಟೆಗಳನ್ನು ಮಣಿಕಟ್ಟಿನಿಂದ ಭುಜದವರೆಗೆ ಅಡ್ಡಡ್ಡ ಜೋಡಿಸಿಕೊಂಡು ಬಂದ. ಅಪ್ಪ ಎಣಿಸಿದರು, ಹನ್ನೆರಡು. ಇಳಿಸುವಾಗ ಯಾವ ಟೇಬಲ್ಲಿಗೆ ಎಷ್ಟು ಎಂದು ಒಮ್ಮೆಯೂ ಕೇಳಲಿಲ್ಲ.

ದೋಸೆ ಹೊರಗೆ ಕೆಂಪಗೆ ಗರಿಗರಿ, ಒಳಗೆ ದಪ್ಪ, ಮೆತ್ತಗೆ, ತುಪ್ಪದ ಘಮ. ಜೊತೆಗೆ ನೀರು ಚಟ್ನಿ. ಅಪ್ಪ ತಟ್ಟೆಯ ಆಚೀಚೆ ನೋಡಿದರು.

“ಇಲ್ಲೂ ಸಾಂಬಾರ ಇಲ್ಲ.”

ಈ ಸಲ ಅವರು ಸಪ್ಲೈಯರನ್ನು ಕೇಳಲಿಲ್ಲ.

*

ಮಲ್ಲೇಶ್ವರದಲ್ಲಿ ಸಿ.ಟಿ.ಆರ್. ಬೋರ್ಡಿನಲ್ಲಿ ಶ್ರೀ ಸಾಗರ್ ಎಂಬ ಹೆಸರು ಬಂದು ಎಷ್ಟೋ ವರ್ಷವಾಯಿತು, ಜನರ ಬಾಯಲ್ಲಿ ಇವತ್ತಿಗೂ ಸೆಂಟ್ರಲ್ ಟಿಫಿನ್ ರೂಮ್. ಬೆಣ್ಣೆ ಮಸಾಲೆಗೆ ಇಲ್ಲೂ ಚಟ್ನಿ ಮಾತ್ರ. ಬೆಣ್ಣೆ ದೋಸೆ ಎಂದ ಕೂಡಲೇ ಅಪ್ಪ ದಾವಣಗೆರೆಯದನ್ನು ನೆನೆದಿದ್ದರು. ಅದು ಬೆಳ್ಳಗೆ, ಮೆತ್ತಗೆ, ಹಿಟ್ಟಿಗೆ ಮಂಡಕ್ಕಿ ಸೇರಿಸಿ ಮಾಡುವ ದೋಸೆ. ಇದು ಕಡುಕೆಂಪು. ಎರಡಕ್ಕೂ ಒಂದೇ ಹೆಸರು ಯಾಕೆ ಎಂದು ಅಪ್ಪ ಕೇಳಿದರು. ಬೆಣ್ಣೆ ಒಂದೇ, ಹಂಚು ಬೇರೆ ಎಂದೆ. ಸರಿಯಾದ ಉತ್ತರವೋ ಅಲ್ಲವೋ.

*

ಖಾಲಿ ದೋಸೆ. ಈ ಹೆಸರನ್ನು ಇಷ್ಟು ದಿನ ಗಮನಿಸದೆ ತಿಂದಿದ್ದೇನೆ. ಒಳಗೆ ಪಲ್ಯ ಇಲ್ಲದ್ದರಿಂದ ಖಾಲಿ. ಒಂದು ತಿಂಡಿಗೆ ಅದರಲ್ಲಿ ಏನಿಲ್ಲವೋ ಅದನ್ನೇ ಹೆಸರಾಗಿಟ್ಟು, ಆ ಹೆಸರಿನಿಂದಲೇ ಪ್ರೀತಿಯಿಂದ ಕೇಳಿ ತಿನ್ನುತ್ತಾರೆ.

*

ಲಾಲ್‌ಬಾಗ್ ರಸ್ತೆ. ಭಾನುವಾರ.

ಎಂ.ಟಿ.ಆರ್.ನಲ್ಲಿ ಐವತ್ತು ನಿಮಿಷ ಕಾದೆವು. ಕಾಯುವ ಜಾಗದಲ್ಲಿ ನಮ್ಮ ಪಕ್ಕ ಒಬ್ಬ ಹಿರಿಯರು ಮೊಮ್ಮಗನಿಗೆ ಚಂದ್ರಹಾರ ತಿನ್ನಿಸಲೆಂದು ಯಲಹಂಕದಿಂದ ಬಂದಿದ್ದರು. ಅದು ಭಾನುವಾರದ ಸಿಹಿ. ಬೇರೆ ದಿನ ಬಂದರೆ ಸಿಗದು. ಸೋಮವಾರ ಬಂದರೆ ಹೋಟೆಲೇ ಇರದು, ರಜೆ.

ಇದರ ಕಥೆಯನ್ನು ಅಪ್ಪನಿಗೆ ಕಾಯುವಾಗ ಹೇಳಿದೆ. ಉಡುಪಿಯ ಕಡೆ ಕೋಟದ ಹತ್ತಿರ ಪಾರಂಪಳ್ಳಿ ಎಂಬ ಊರು. ಅಲ್ಲಿಂದ ಬಂದ ಪರಮೇಶ್ವರ ಮಯ್ಯರು 1924ರಲ್ಲಿ ಬ್ರಾಹ್ಮಿನ್ ಕಾಫಿ ಕ್ಲಬ್ ಎಂದು ಶುರುಮಾಡಿದ್ದು. ತಮ್ಮ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪಿಗೆ ಹೋಗಿ ಅಲ್ಲಿನ ಹೋಟೆಲುಗಳ ಶುಚಿತ್ವ ನೋಡಿ ಬಂದು, ಪಾತ್ರೆಗಳನ್ನು ಹಬೆಯಲ್ಲಿ ತೊಳೆಯುವ ಕ್ರಮ ತಂದರು. ಗಿರಾಕಿಗಳು ಅಡುಗೆಮನೆಯನ್ನು ನೋಡಿಕೊಂಡೇ ಊಟಕ್ಕೆ ಹೋಗುವಂತೆ ಮಾಡಿದರು. ಮಾವಳ್ಳಿ ಟಿಫಿನ್ ರೂಮ್ಸ್ ಎಂಬ ಹೆಸರು, ಈ ಲಾಲ್‌ಬಾಗ್ ರಸ್ತೆಯ ಜಾಗ, ಎರಡೂ 1960ರವು.

ಅಪ್ಪನ ಮುಂದೆ ರವೆ ಇಡ್ಲಿ ಬಂತು. ಸಾಗು, ಚಟ್ನಿ, ಪುಟ್ಟ ಬಟ್ಟಲಲ್ಲಿ ತುಪ್ಪ. ಈ ಇಡ್ಲಿ ಹುಟ್ಟಿದ್ದೂ ಒಂದು “ಇಲ್ಲ”ದಿಂದಲೇ. ಎರಡನೇ ಮಹಾಯುದ್ಧದಲ್ಲಿ 1942ರ ಹೊತ್ತಿಗೆ ಬರ್ಮಾ ಜಪಾನಿನ ಕೈಸೇರಿತು, ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಅಕ್ಕಿಯಿಲ್ಲದೆ ಇಡ್ಲಿ ಮಾಡುವುದು ಹೇಗೆ? ರವೆ ಹುರಿದು, ಮೊಸರಿನಲ್ಲಿ ಕಲಸಿ, ಒಗ್ಗರಣೆ ಹಾಕಿ ಹಬೆಗಿಟ್ಟರು. ಯುದ್ಧ ಮುಗಿಯಿತು, ಅಕ್ಕಿ ಬಂತು, ಆದರೂ ರವೆ ಇಡ್ಲಿ ಉಳಿಯಿತು. ಕೊರತೆಗೆ ಮಾಡಿದ್ದು ಕೊರತೆ ನೀಗಿದ ಮೇಲೂ ಯಾಕೆ ಉಳಿಯಿತು ಎಂಬುದು ನನಗೆ ಇನ್ನೊಂದು ಒಗಟು. ಕಷ್ಟಕಾಲದ ಎಷ್ಟೋ ಅಡುಗೆಗಳನ್ನು ಜನ ಸುಖ ಬಂದೊಡನೆ ಮರೆಯುತ್ತಾರೆ. ಅಮ್ಮ ಬರಗಾಲದ ವರ್ಷಗಳ ಊಟವನ್ನು ಮತ್ತೆ ಮಾಡಲೇ ಇಲ್ಲ, ಕೇಳಿದರೆ ಮಾತು ಬದಲಿಸುತ್ತಿದ್ದಳು.

ಎಲ್ಲಕ್ಕಿಂತ ದೊಡ್ಡ “ಇಲ್ಲ” ತುರ್ತುಪರಿಸ್ಥಿತಿಯ ಕಾಲದ್ದು. ಸರ್ಕಾರ ಹೋಟೆಲ್ ತಿಂಡಿಗಳಿಗೆ ಕಡಿಮೆ ದರ ಗೊತ್ತುಮಾಡಿತು. ಆ ದರಕ್ಕೆ ಈ ಗುಣದ ತಿಂಡಿ ಸಾಧ್ಯವಿರಲಿಲ್ಲ. ತುಪ್ಪ ಕಡಿಮೆ ಮಾಡಬಹುದಿತ್ತು, ಬೇರೆ ಎಣ್ಣೆ ಹಾಕಬಹುದಿತ್ತು, ಇಡ್ಲಿ ಚಿಕ್ಕದಾಗಿಸಬಹುದಿತ್ತು. ಅದ್ಯಾವುದನ್ನೂ ಮಾಡದೆ ಹೋಟೆಲನ್ನೇ ಮುಚ್ಚಿದರು. ಕೆಲಸದವರನ್ನು ಉಳಿಸಿಕೊಳ್ಳಲು ಸಾರಿನ ಪುಡಿ, ತಿಂಡಿಯ ಸಿದ್ಧಹಿಟ್ಟು ಪೊಟ್ಟಣ ಕಟ್ಟಿ ಮಾರಲು ಶುರುಮಾಡಿದರು. ಆ ಪೊಟ್ಟಣದ ವ್ಯಾಪಾರವೇ ಬೆಳೆದು ಬೇರೆ ಕಂಪನಿಯಾಯಿತು, ಅದನ್ನು 2007ರಲ್ಲಿ ನಾರ್ವೆಯ ಓರ್ಕ್ಲಾ ಕೊಂಡುಕೊಂಡಿತು. ಹೋಟೆಲು ಮನೆಯವರ ಬಳಿಯೇ ಉಳಿದಿದೆ, ಮತ್ತೆ ತೆರೆದು ದಶಕಗಳೇ ಆದವು.

ಅಪ್ಪ ಬೆಳ್ಳಿ ಲೋಟದ ಕಾಫಿ ಕೈಯಲ್ಲಿ ಹಿಡಿದು ಇದನ್ನೆಲ್ಲ ಕೇಳಿದರು. ನಲವತ್ತು ವರ್ಷ ಕಿರಾಣಿ ಅಂಗಡಿ ನಡೆಸಿದವರು ಅವರು. “ಬಾಗಲಾ ಹಾಕೂದು ಸಸಾರ ಅಲ್ಲವಾ. ದಿನಾ ಬರೋ ಗಿರಾಕಿ ಮತ್ತ ಬರ್ತಾನೋ ಇಲ್ಲೋ ಅಂತ ರಾತ್ರಿ ನಿದ್ದಿ ಬರೂದಿಲ್ಲ” ಎಂದರು. ಆ ಮಾತನ್ನು ಹಾಗೇ ಬರೆದುಕೊಂಡೆ.

*

ಬೈ ಟೂ ಕಾಫಿ.

ಒಂದು ಕಾಫಿಯನ್ನು ಎರಡು ಲೋಟಕ್ಕೆ ಹಂಚುವುದು. ಎರಡು ಅರ್ಧ ಸೇರಿದರೆ ಒಂದಾಗಬೇಕು. ನಾನು ಮೂರು ಕಡೆ ಗಮನಿಸಿದೆ, ಎರಡೂ ಲೋಟ ಅರ್ಧಕ್ಕಿಂತ ಮೇಲಿದ್ದವು. ಡಿಕಾಕ್ಷನ್ ಅಳತೆಯಾಗಿ ಬೀಳುತ್ತದೆ, ಹಾಲು ಮಾತ್ರ ಕೈತೂಕ. ಒಬ್ಬರೇ ಬಂದವರಿಗಿಂತ ಹಂಚಿಕೊಂಡು ಕುಡಿಯುವವರಿಗೆ ಒಂದು ಗುಟುಕು ಹೆಚ್ಚು ಸಿಗುವಂತೆ ಆ ಕೈ ಹೇಗೋ ಕಲಿತುಕೊಂಡಿದೆ.

*

ನಮ್ಮ ಬೀದಿ ಕೊನೆಯ ದರ್ಶಿನಿ. ಬೆಳಿಗ್ಗೆ ಎಂಟೂವರೆ.

ಕುರ್ಚಿ ಇಲ್ಲ.

ಈ ಬಗೆಯ ಹೋಟೆಲು 1983ರಲ್ಲಿ ಜಯನಗರದ ಕೆಫೆ ದರ್ಶಿನಿಯಿಂದ ಶುರುವಾಯಿತು. ಈಗ ಹೆಸರು ಏನೇ ಇದ್ದರೂ ಎಲ್ಲವೂ ದರ್ಶಿನಿಯೇ. ಮೊದಲು ದುಡ್ಡು, ಆಮೇಲೆ ಟೋಕನ್, ಆಮೇಲೆ ಒಲೆಯ ಎದುರಿನ ಕಟ್ಟೆಯ ಬಳಿ ನಿಂತು ಕೂಗು. ಎದೆಯೆತ್ತರದ ದುಂಡು ಮೇಜು. ಅಡುಗೆ ಮಾಡುವವರು ಕಣ್ಣೆದುರಿಗೇ. ಸಪ್ಲೈಯರ್ ಇಲ್ಲ, ಟಿಪ್ಸ್ ಇಲ್ಲ, ಹೊತ್ತು ಹಾಳಾಗುವುದಿಲ್ಲ. ಆಫೀಸಿಗೆ ಹೊರಟವರನ್ನು ಗಡಿಯಾರ ಹಿಡಿದು ನೋಡಿದೆ. ಚೌಚೌ ಬಾತ್, ಕಾಫಿ, ಕೈತೊಳೆದು ಹೊರಗೆ, ಒಂಬತ್ತು ನಿಮಿಷ. ಸೂಟುಬೂಟಿನವರ ಮೊಣಕೈಗೆ ಪೇಂಟ್ ಕೆಲಸದವರ ಮೊಣಕೈ ತಾಗುತ್ತದೆ. ಒಂದೇ ಮೇಜಿನಲ್ಲಿ ನಾಲ್ಕು ಜನ ಅಪರಿಚಿತರು ಒಬ್ಬರಿಗೊಬ್ಬರು ಜಾಗ ಮಾಡಿಕೊಡುತ್ತಾರೆ. ಕುರ್ಚಿಯಿದ್ದಿದ್ದರೆ ಇಷ್ಟು ಹತ್ತಿರ ಕೂರುತ್ತಿದ್ದರೋ?

ನಮ್ಮಜ್ಜಿ ನಿಂತು ತಿಂದರೆ ಬೈಯುತ್ತಿದ್ದಳು. ನಿಂತು ತಿಂದದ್ದು ಮೈಗೆ ಹತ್ತುವುದಿಲ್ಲ ಎಂಬುದು ಅವಳ ನಂಬಿಕೆ.

ಈ ಒಂದು “ಇಲ್ಲ”ವನ್ನು ಮಾತ್ರ ನಾನು ಪೂರ್ತಿ ಒಪ್ಪಲಾರೆ. ಅಪ್ಪನಿಗೆ ಎಪ್ಪತ್ತಾರು. ಮಂಡಿ ನೋವು. ಇವತ್ತು ಖಾರಾಬಾತ್ ಅರ್ಧ ತಿನ್ನುವಷ್ಟರಲ್ಲಿ ಕಾಲು ಬದಲಿಸಿ ಬದಲಿಸಿ ನಿಂತರು, ಕೊನೆಗೆ ಹೊರಗಿನ ಮೆಟ್ಟಿಲ ಮೇಲೆ ಕೂತರು. ಒಂದು ಮೂಲೆಯಲ್ಲಿ ನಾಲ್ಕು ಸ್ಟೂಲು ಇಟ್ಟರೆ ಯಾವ ದರ್ಶಿನಿಯ ವೇಗವೂ ಕಡಿಮೆಯಾಗದು. ಬೆಳಗಿನ ಹೊತ್ತು ವಾಕಿಂಗ್ ಮುಗಿಸಿ ಬರುವ ಮುದುಕರು, ಬಸುರಿಯರು, ಕೋಲು ಹಿಡಿದವರು ಎಷ್ಟು ಜನ! ಇದನ್ನು ಗಲ್ಲಾದಲ್ಲಿದ್ದವರಿಗೆ ಹೇಳಿ ಬಂದೆ. ಅವರು ಕೇಳಿಸಿಕೊಂಡರು.

*

ಅಯ್ಯಂಗಾರ್ ಬೇಕರಿ. ಸಂಜೆ ಐದು.

ಮೊಟ್ಟೆ ಇಲ್ಲ.

ಬೇಕರಿ ಎಂಬುದೇ ಪರದೇಶದ ವಿದ್ಯೆ. ಅದರ ಜೀವ ಮೊಟ್ಟೆ ಎಂದು ಅಡುಗೆ ಓದಿದವರು ಹೇಳುತ್ತಾರೆ. ಮೊಟ್ಟೆ ಮುಟ್ಟದವರು ಆ ವಿದ್ಯೆಯನ್ನು ಕಲಿತು, ಮೊಟ್ಟೆ ಬಿಟ್ಟು, ಒಂದು ಇಡೀ ಊರಿಗೆ ಬೇಕರಿ ಎಂದರೆ ಹೀಗಿರಬೇಕು ಎಂಬ ರುಚಿಯನ್ನೇ ಕಲಿಸಿಬಿಟ್ಟರು. ಇದು ಯಾರಿಗೂ ಆಶ್ಚರ್ಯವಾಗಿ ಕಾಣುವುದಿಲ್ಲವಲ್ಲ ಎಂಬುದೇ ನನಗೆ ಆಶ್ಚರ್ಯ.

ಹಾಸನದ ಕಡೆಯಿಂದ ಬಂದ ತಿರುಮಲಾಚಾರ್ ಎಂಬವರು 1898ರಲ್ಲಿ ಚಿಕ್ಕಪೇಟೆಯಲ್ಲಿ ಬೆಂಗಳೂರ್ ಬ್ರದರ್ಸ್ ಬೇಕರಿ ತೆರೆದರು. ಜನ ಬಿ.ಬಿ. ಬೇಕರಿ ಎಂದರು. ಆಮೇಲೆ ಹಾಸನದ ಹಳ್ಳಿಗಳಿಂದ ನಂಟರಿಷ್ಟರು ಒಬ್ಬರ ಹಿಂದೆ ಒಬ್ಬರು ಬಂದರು. ಬಡಾವಣೆಗೊಂದರಂತೆ ಬೇಕರಿಗಳಾದವು. ವಿಶ್ವೇಶ್ವರಪುರದ ವಿ.ಬಿ. ಬೇಕರಿ 1953ರದು. ಈಗ ಬೋರ್ಡಿನ ಮೇಲೆ ಅಯ್ಯಂಗಾರ್ ಎಂದಿರುವ ಎಷ್ಟೋ ಬೇಕರಿಗಳನ್ನು ಬೇರೆ ಬೇರೆ ಸಮುದಾಯದವರು ನಡೆಸುತ್ತಾರೆ. ಆ ಹೆಸರು ಈಗ ಒಂದು ರುಚಿಯ ಹೆಸರು.

ನಾನು ನಿಂತಿದ್ದ ಅಂಗಡಿಯ ಭಟ್ಟಿ ಸೌದೆಯದು. ಕೆಲಸದವರು ಬಿಡುವಿನಲ್ಲಿ ವಿವರಿಸಿದರು. ಭಟ್ಟಿ ಚೆನ್ನಾಗಿ ಕಾದಾಗ ಬ್ರೆಡ್ಡು. ಕಾವು ಸ್ವಲ್ಪ ಇಳಿದಾಗ ಬನ್ನು. ಇನ್ನೂ ಇಳಿದಾಗ ಬೆಣ್ಣೆ ಬಿಸ್ಕತ್ತು. ಕೊನೆಗೆ ಉಳಿದ ಬಿಸಿಯಲ್ಲಿ ರಾತ್ರಿಯಿಡೀ ರಸ್ಕು ಒಣಗುತ್ತದೆ. ಒಂದೇ ಬೆಂಕಿ, ನಾಲ್ಕು ಬಗೆ. ಬೆಂಕಿ ಆರುತ್ತಾ ಹೋಗುವುದನ್ನೂ ಬಿಡದೆ ಬಳಸುತ್ತಾರೆ.

ಖಾರ ಬನ್ನು ಬಿಸಿಯಾಗಿ ಬಂದಾಗ ತಿನ್ನಬೇಕು. ಹಿಟ್ಟಿನೊಳಗೇ ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು, ಕೊತ್ತಂಬರಿ. ನಡುವೆ ಸೀಳಿ ಬೆಣ್ಣೆ ಸವರಿ, ಕಾಂಗ್ರೆಸ್ ಕಡಲೆಕಾಯಿ ತುಂಬಿಸಿ ಕೊಡುತ್ತಾರೆ. ಆಲೂ ಬನ್ನು, ಪಲ್ಯದ ಪಫ್, ಕಾಯಿತುರಿ ತುಂಬಿದ ದಿಲ್‌ಪಸಂದ್, ಮೇಲೆ ಜಾಮ್ ಸವರಿ ಕೊಬ್ಬರಿ ಉದುರಿಸಿದ ಹನಿ ಕೇಕು. ನಮ್ಮ ಮಕ್ಕಳ ಹುಟ್ಟುಹಬ್ಬಕ್ಕೆ ದೊಡ್ಡ ಅಂಗಡಿಯ ಕೇಕು ಬರುತ್ತದೆ. ನನಗೆ ಜ್ವರ ಬಂದಾಗ ಬೇಕೆನಿಸುವುದು ಈ ಹನಿ ಕೇಕು.

ಕಾಂಗ್ರೆಸ್ ಕಡಲೆಕಾಯಿ ಎಂಬ ಹೆಸರು ಎಲ್ಲಿಂದ ಬಂತು? ಸಿಪ್ಪೆ ತೆಗೆದು ಎರಡು ಹೋಳಾಗಿಸಿ ಅರಿಸಿನ, ಖಾರ, ಮೆಣಸು, ಇಂಗು ಹಾಕಿದ ಕಡಲೆಬೀಜ. 1969ರಲ್ಲಿ ಕಾಂಗ್ರೆಸ್ ಪಕ್ಷ ಹೋಳಾಯಿತಲ್ಲ, ಅದಕ್ಕೇ ಈ ಹೆಸರು ಎಂದು ಹಳಬರು ಹೇಳುತ್ತಾರೆ. ಆ ಒಡಕು ಎದ್ದುಕಂಡದ್ದೇ ಆ ವರ್ಷದ ಜುಲೈನಲ್ಲಿ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ನಡೆದ ಅಧಿವೇಶನದಲ್ಲಿ. ಊರಿನ ನಡುವೆಯೇ ನಡೆದ ಜಗಳ ಬೇಕರಿಯ ಡಬ್ಬಿಯಲ್ಲಿ ಹೆಸರಾಗಿ ಕೂತಿತೆಂಬ ಮಾತು ನಂಬಬೇಕೆನಿಸುತ್ತದೆ. ಇನ್ನೂ ಕೆಲವರು ಬೇರೆ ಕಥೆ ಹೇಳುತ್ತಾರೆ. ಕಥೆ ಯಾವುದಾದರೂ, ಡಬ್ಬಿ ಮಾತ್ರ ಬೇಗ ಖಾಲಿಯಾಗುತ್ತದೆ.

*

ಹೊಸದೊಂದು ಹೋಟೆಲು, ಹೆಸರು ಬೇಡ. ಮೆನು ಇಪ್ಪತ್ತೆರಡು ಪುಟ. ಚೀನಾದ್ದು, ಪಂಜಾಬಿನದು, ಇಟಲಿಯದು, ಉಡುಪಿಯದು. ಏನು ಕೇಳಿದರೂ ಇದೆ. ಬಂದದ್ದೆಲ್ಲ ಒಂದೇ ರುಚಿ. ಅಪ್ಪ ಏನೂ ಹೇಳದೆ ಊಟ ಮುಗಿಸಿ, ಮನೆಗೆ ಬಂದು ಮೊಸರನ್ನ ಕಲಸಿಕೊಂಡರು.

*

ಮಿಲಿಟರಿ ಹೋಟೆಲು. ಜಯನಗರ, ಮಧ್ಯಾಹ್ನ.

ಇವತ್ತು ಅಪ್ಪ ಬರಲಿಲ್ಲ, ಅವರು ಮಾಂಸ ತಿನ್ನುವುದಿಲ್ಲ. ಗೆಳತಿಯ ಜೊತೆ ಶಿವಾಜಿ ಮಿಲಿಟರಿ ಹೋಟೆಲಿಗೆ ಹೋದೆ. ಮುತ್ತುಗದಂಥ ಒಣಎಲೆಯ ದೊನ್ನೆಯಲ್ಲಿ ಬಿರಿಯಾನಿ. ಸಣ್ಣಕ್ಕಿ, ಕೊತ್ತಂಬರಿ–ಪುದೀನದ ಹಸಿರು. ಹೈದರಾಬಾದಿನ ಕೇಸರಿ ಬಣ್ಣ, ಉದ್ದಕ್ಕಿ ಎರಡೂ ಇಲ್ಲ. ಎಲೆಯ ವಾಸನೆಯೂ ಅನ್ನಕ್ಕೆ ಸೇರಿರುತ್ತದೆ. ಬೇರೆ ಕಡೆ ಮುದ್ದೆ, ಕಾಲುಸೂಪು, ಕೈಮಾ ಉಂಡೆ, ಚಾಪ್ಸ್ ಇರುತ್ತವೆ. ಮಾಡಿದ್ದು ಮುಗಿದರೆ ಮುಗಿಯಿತು. ಸಂಜೆಗೆಂದು ಇನ್ನೊಂದು ಹಂಡೆ ಇಡುವುದಿಲ್ಲ. ತಡವಾಗಿ ಬಂದವರು “ಖಾಲಿನಾ?” ಎಂದು ಬಾಗಿಲಲ್ಲೇ ಕೇಳಿ ಹೋಗುತ್ತಾರೆ.

ಮಿಲಿಟರಿ ಎಂದು ಯಾಕೆ ಕರೆದರು? ಮರಾಠ ಸಿಪಾಯಿಗಳ ಊಟದ ಪದ್ಧತಿಯಿಂದ ಬಂತೆಂದು ಹಲವರು ಹೇಳುತ್ತಾರೆ. ಮಾಂಸ ಸಿಗುವ ಹೋಟೆಲಿಗೆ ಅದು ಗುರುತಿನ ಹೆಸರಾಗಿತ್ತೆಂದು ಇನ್ನು ಕೆಲವರು. ಹದಿನೇಳನೇ ಶತಮಾನದಲ್ಲಿ ಬೆಂಗಳೂರು ಶಿವಾಜಿಯ ತಂದೆ ಶಹಾಜಿಯ ಜಹಗೀರಾಗಿತ್ತು ಎಂಬುದಂತೂ ಇತಿಹಾಸ. ಕಾಟನ್‌ಪೇಟೆಯ ಎಸ್.ಜಿ. ರಾವ್ ಮಿಲಿಟರಿ ಹೋಟೆಲು 1908ರದು.

ಮನೆಗೆ ಬಂದು ಬರೆಯುವಾಗ ಇನ್ನೊಂದು ಯೋಚನೆ ಕಾಡಿತು. ಒಂದು ಬೋರ್ಡಿನಲ್ಲಿ ಬ್ರಾಹ್ಮಣ, ಒಂದರಲ್ಲಿ ಅಯ್ಯಂಗಾರ್, ಒಂದರಲ್ಲಿ ಮಿಲಿಟರಿ. ಇವತ್ತು ನಾವು ಈ ಹೆಸರುಗಳನ್ನು ರುಚಿಯ ಗುರುತಾಗಿ ಓದುತ್ತೇವೆ. ನೂರು ವರ್ಷದ ಹಿಂದೆ ಹಾಗಿರಲಿಲ್ಲ. ಆಗಿನ ಎಷ್ಟೋ ಹೋಟೆಲುಗಳಲ್ಲಿ ಕೂರುವ ಜಾಗವೇ ಜಾತಿಗೆ ತಕ್ಕಂತೆ ಬೇರೆ ಬೇರೆಯಾಗಿತ್ತು. ಕೆಲವರಿಗೆ ಲೋಟವೇ ಬೇರೆ, ಕೆಲವರಿಗೆ ಒಳಗೆ ಪ್ರವೇಶವೇ ಇಲ್ಲ. ಆ “ಇಲ್ಲ” ತಿಂಡಿಗೆ ಸಂಬಂಧಿಸಿದ್ದಲ್ಲ, ಮನುಷ್ಯರಿಗೆ ಸಂಬಂಧಿಸಿದ್ದು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೇ ವಿಧಿ ಅಂಗಡಿ, ಸಾರ್ವಜನಿಕ ಉಪಾಹಾರ ಗೃಹ, ಹೋಟೆಲುಗಳ ಹೆಸರನ್ನೇ ಎತ್ತಿ ಹೇಳಿ, ಜಾತಿಯ ಕಾರಣಕ್ಕೆ ಯಾರನ್ನೂ ತಡೆಯಕೂಡದೆಂದಿತು. ಇಡ್ಲಿ ತಿನ್ನುವ ಜಾಗದ ಪ್ರಸ್ತಾಪ ದೇಶದ ಸಂವಿಧಾನದಲ್ಲಿ ಬರಬೇಕಾಯಿತು ಎಂದರೆ ಆ ಬಾಗಿಲಲ್ಲಿ ಎಷ್ಟು ಜನ ನಿಂತು ಹಿಂತಿರುಗಿರಬೇಕು. ಶಂಕರಪುರದಲ್ಲಿ ಅಪ್ಪನ ಹಿಂದೆ ತಟ್ಟೆ ಚಾಚಿ ನಿಂತವರು ಯಾರು, ಯಾವ ಮನೆಯವರು ಎಂದು ಯಾರೂ ಕೇಳಲಿಲ್ಲ. ಚಟ್ನಿ ಎಲ್ಲರ ತಟ್ಟೆಗೂ ಒಂದೇ ಸೌಟಿನಿಂದ ಬಿತ್ತು.

*

ಚರ್ಚ್ ಸ್ಟ್ರೀಟ್.

ಇಂಡಿಯಾ ಕಾಫಿ ಹೌಸ್. 1957ರಲ್ಲಿ ಕಾಫಿ ಬೋರ್ಡ್ ತನ್ನ ಕಾಫಿ ಹೌಸುಗಳನ್ನು ಮುಚ್ಚಿದಾಗ ಕೆಲಸ ಕಳೆದುಕೊಂಡವರೇ ಸೇರಿ ಸಹಕಾರ ಸಂಘ ಕಟ್ಟಿಕೊಂಡರು. ಎ.ಕೆ. ಗೋಪಾಲನ್ ಮುಂದಾಳು. ಮೊದಲ ಸಂಘ ಆದದ್ದು ಬೆಂಗಳೂರಿನಲ್ಲಿ. ಎಂ.ಜಿ. ರಸ್ತೆಯ ಹಳೆಯ ಜಾಗ 2009ರಲ್ಲಿ ಹೋಯಿತು. ಆ ಕಿಟಕಿಗಳ ಬಳಿ ಕೂತು ರಸ್ತೆ ನೋಡಿದವರು ಇವತ್ತಿಗೂ ಆ ಜಾಗದ ಮುಂದೆ ಹಾದುಹೋಗುವಾಗ ತಲೆ ತಿರುಗಿಸುತ್ತಾರೆ. ನನ್ನ ಗೆಳತಿ ಹಾಗೆ ತಿರುಗಿಸುವುದನ್ನು ಎರಡು ಸಲ ನೋಡಿದೆ. ಬಿಳಿ ಉಡುಪು, ಪೇಟದ ಬೀಸಣಿಗೆಯಂಥ ತುದಿ, ಸೊಂಟದ ಪಟ್ಟಿ, ಇವು ಮಾತ್ರ ಹೊಸ ಜಾಗಕ್ಕೂ ಬಂದಿವೆ.

ಸೇಂಟ್ ಮಾರ್ಕ್ಸ್ ರಸ್ತೆಯ ಕೋಶೀಸ್ ಬಗ್ಗೆ ಒಂದೆರಡು ಸಾಲು. 1940ರಲ್ಲಿ ಬೇಕರಿಯಾಗಿ ಹುಟ್ಟಿದ್ದು. ಒಂದು ಕಾಫಿಗೆ ಎರಡು ಗಂಟೆ ಕೂತರೂ ಏಳಿ ಎನ್ನುವವರಿಲ್ಲ. ಅಪ್ಪನಿಗೆ ಊರಿನ ಎಲ್ಲ ಜಾಗಗಳಲ್ಲಿ ಇದರ ಕುರ್ಚಿ ಇಷ್ಟವಾಯಿತು.

*

ವಿಶ್ವೇಶ್ವರಪುರದ ತಿಂಡಿ ಬೀದಿ ಹಗಲಿನಲ್ಲಿ ನೋಡಿದರೆ ಸಾಮಾನ್ಯ ಬೀದಿ, ಹಂಚು ಕಾಯುವುದು ಸಂಜೆಗೆ. ಚಳಿಗಾಲದಲ್ಲಿ ಈ ಸುತ್ತಿನಲ್ಲೇ ಅವರೆಕಾಯಿ ಮೇಳ. ಅವರೆಬೇಳೆ ದೋಸೆ, ಅವರೆಬೇಳೆ ಉಪ್ಪಿಟ್ಟು, ಹಿದುಕಿದ ಬೇಳೆ ಸಾರು, ಅವರೆಬೇಳೆ ಜಿಲೇಬಿ ಕೂಡ. ಚಳಿಯ ಸೊಗಡು ಕಾಯಿಯೊಳಗೆ ಇರುವಷ್ಟು ದಿನ ಮಾತ್ರ. ಫೆಬ್ರವರಿ ಕಳೆದ ಮೇಲೆ ಕೇಳಿದರೆ ಮುಂದಿನ ವರ್ಷ ಬನ್ನಿ ಎನ್ನುತ್ತಾರೆ. ಅಪ್ಪ ಬಂದಿರುವುದು ಆಗಸ್ಟಿನಲ್ಲಿ. ಸಂಕ್ರಾಂತಿ ಹೊತ್ತಿಗೆ ಮತ್ತೆ ಕರೆಸಬೇಕು.

*

ಗುರುವಾರ ರಾತ್ರಿ.

ನಾಳೆ ಅಪ್ಪ ಹೊರಡುತ್ತಾರೆ, ರಾತ್ರಿ ಬಸ್ಸು. ಚೀಲಕ್ಕೆ ಅರ್ಧ ಕಿಲೊ ಕಾಂಗ್ರೆಸ್ ಕಡಲೆಕಾಯಿ, ಬೆಣ್ಣೆ ಬಿಸ್ಕತ್ತು, ಅತ್ತೆಗೆಂದು ರವೆ ಇಡ್ಲಿ ಪೊಟ್ಟಣ ಎರಡು ಹಾಕಿದ್ದೇನೆ.

ಇವತ್ತು ಬೆಳಿಗ್ಗೆ ಅವರೇ ಮತ್ತೆ ಶಂಕರಪುರಕ್ಕೆ ಹೋಗೋಣವೆಂದರು. ನಾನು ಮಡಿಸುವ ಸ್ಟೂಲೊಂದನ್ನು ಜೊತೆಗೆ ಒಯ್ದೆ. ಮರದ ನೆರಳಿನಲ್ಲಿ ಹಾಕಿಕೊಟ್ಟೆ. ಇಡ್ಲಿ ಮುಗಿಯುವಷ್ಟರಲ್ಲಿ ಮೂರು ಸಲ ಚಟ್ನಿ ಹಾಕಿಸಿಕೊಂಡು ಬಂದೆ. ಪಕ್ಕದಲ್ಲಿ ನಿಂತಿದ್ದ ಕಾಲೇಜು ಹುಡುಗನೊಬ್ಬ, ಮೊದಲ ಸಲ ಬಂದವನಿರಬೇಕು, ಗೆಳೆಯನನ್ನು ಕೇಳುತ್ತಿದ್ದ, ಸಾಂಬಾರ್ ಎಲ್ಲಿ ಕೊಡ್ತಾರೆ ಎಂದು. ಗೆಳೆಯ ಉತ್ತರಿಸುವ ಮೊದಲೇ ಅಪ್ಪ ಸ್ಟೂಲಿನಿಂದಲೇ ತಲೆಯೆತ್ತಿ, “ಇಲ್ಲಿ ಇರೂದಿಲ್ಲಪಾ. ಚಟ್ನಿ ಹಾಕಿಸ್ಕೋ, ಚಲೋ ಐತಿ” ಎಂದರು.

ನಾಳೆ ಶುಕ್ರವಾರ, ಗಾಂಧಿ ಬಜಾರಿನ ದೋಸೆ ಆಗುವುದಿಲ್ಲ. ಪುಲಿಕೇಶಿನಗರದ ಮಸೀದಿ ರಸ್ತೆಯಲ್ಲಿ ಆಲ್ಬರ್ಟ್ ಬೇಕರಿ, 1902ರದು, ಮಧ್ಯಾಹ್ನದ ಮೇಲೆ ಬಾಗಿಲು ತೆಗೆಯುತ್ತದೆ. ಮಾಂಸದ ಪಫ್ ಅಪ್ಪನಿಗೆ ಆಗದು. ಬೇರೆ ಏನು ಸಿಗುತ್ತದೋ ಕೇಳಬೇಕು. ಎರಡೂವರೆಗೆ ಆಟೋ ಹಿಡಿದರೆ ಸರಿಹೋಗುತ್ತದೆ. ಸ್ಟೂಲು ಮರೆಯಬಾರದು.